ಬೆಳಗಿನ ಡೋಸ್ ಅಪ್ಪನದು, ರಾತ್ರಿಯದು ಅಮ್ಮನದು: ಮಗುವಿನ ಮೂರ್ಛೆರೋಗ ಮತ್ತು ಪೋಷಕರ ತಿಳಿವಳಿಕೆ ಕುರಿತ ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ 8 ವರ್ಷ. ಬೆಳಗಿನ ಜಾವ ಐದರ ಹೊತ್ತಿಗೆ ಶುರುವಾದ ಫಿಟ್ಸ್ ಸುಮಾರು 25 ನಿಮಿಷ ನಡೆದು, ತುರ್ತು ಘಟಕದಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತ್ತು. ಮರುದಿನ ಅವನು ವಾರ್ಡಿನಲ್ಲಿ ಎದ್ದು ಕೂತಿದ್ದ. ಕೆಳತುಟಿ ಊದಿತ್ತು, ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದಿದ್ದರು: "ಪೋಷಕರ ನಿರ್ಲಕ್ಷ್ಯ, ಔಷಧಿ ಸರಿಯಾಗಿ ಕೊಟ್ಟಿಲ್ಲ." ಮಕ್ಕಳ ನರರೋಗ ವಿಭಾಗದಲ್ಲಿ ಪೋಷಕರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಆ ಸಾಲನ್ನು ನೋಡಿಯೇ ನನ್ನನ್ನು ಕರೆಸಿದ್ದರು, "ಸ್ವಲ್ಪ ತಿಳಿಸಿ ಹೇಳಿ" ಅಂತ.

ಔಷಧಿ ತಪ್ಪಿದ್ದು ನಿಜ. ಆದರೆ ಅದಕ್ಕೆ ನಿರ್ಲಕ್ಷ್ಯವೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಮನೆಯಲ್ಲಿ ಮಗುವಿನ ಚಿಂತೆ ಇಲ್ಲದ ಹೊತ್ತೇ ಇರಲಿಲ್ಲ. ಪ್ರತಿಯೊಬ್ಬರೂ ತಮಗೆ ಅರ್ಥವಾದಷ್ಟರಲ್ಲಿ ಲೆಕ್ಕ ಹಾಕಿ, ಮಗುವಿಗೆ ಒಳ್ಳೆಯದಾಗಲಿ ಅಂತಲೇ ನಡೆದುಕೊಂಡಿದ್ದರು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಡಾಕ್ಟರಿಗೆ ಯಾರದ್ದೂ ಗೊತ್ತಿರಲಿಲ್ಲ. ಪೋಷಕರಿಗೆ ರೋಗದ ಬಗ್ಗೆ ಏನು ಗೊತ್ತಿಲ್ಲ ಎಂದು ಹುಡುಕುವ ಮೊದಲು ಅವರಿಗೆ ಏನು ಗೊತ್ತಿದೆ, ಅದರ ಮೇಲೆ ಏನೇನು ಕಟ್ಟಿಕೊಂಡಿದ್ದಾರೆ ಎಂದು ಕೇಳಬೇಕು. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿ. ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರೋಗದ ಹಿನ್ನೆಲೆ

ಮೊದಲ ಸಲ ಬಂದಾಗ ಹುಡುಗನಿಗೆ ಏಳು ತುಂಬಿತ್ತಷ್ಟೆ. ನಿದ್ದೆಯಿಂದ ಏಳುವ ಹೊತ್ತಿಗೆ ಬಾಯಿಯ ಬಲಗಡೆ ಸೆಳೆಯತೊಡಗಿತು, ಜೊಲ್ಲು ಸುರಿಯಿತು, ಗಂಟಲಲ್ಲಿ ಗೊರಗೊರ ಸದ್ದು. ಕಣ್ಣು ಬಿಟ್ಟಿದ್ದ, ಕರೆದರೆ ನೋಡುತ್ತಿದ್ದ, ಮಾತು ಮಾತ್ರ ಬರಲಿಲ್ಲ. ಎರಡು ನಿಮಿಷದಲ್ಲಿ ಸರಿಹೋಯಿತು. ಕೆಟ್ಟ ಕನಸು ಅಂದುಕೊಂಡರು. ಒಂದೂವರೆ ತಿಂಗಳಿಗೆ ಮತ್ತೆ ಹಾಗೇ ಆಯಿತು. ಮೂರನೆಯ ಸಲ ಮುಖದಿಂದ ಶುರುವಾದದ್ದು ಕೈಗೆ ಇಳಿದು, ಆಮೇಲೆ ಇಡೀ ಮೈಗೆ ಹರಡಿತು. ಆಗ ಡಾಕ್ಟರ ಬಳಿಗೆ ಓಡಿದರು.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಮೆದುಳಿನ ನಡುಭಾಗ ಮತ್ತು ಕಿವಿಯ ಮೇಲ್ಗಡೆಯ ಬದಿಯಲ್ಲಿ ಚೂಪಾದ ಅಲೆಗಳು ಕಂಡವು, ನಿದ್ದೆ ಹತ್ತಿದಾಗ ಇನ್ನೂ ಜಾಸ್ತಿ. ಎಂಆರ್‌ಐ ಸ್ವಚ್ಛವಾಗಿತ್ತು. ಮಕ್ಕಳಲ್ಲಿ ಸಾಕಷ್ಟು ಸಾಮಾನ್ಯವಾದ ಈ ಬಗೆಯ ಮೂರ್ಛೆರೋಗವನ್ನು ಮುಂಚೆ ರೋಲ್ಯಾಂಡಿಕ್ ಎಪಿಲೆಪ್ಸಿ ಎನ್ನುತ್ತಿದ್ದರು. ಹೆಚ್ಚಿನವರಲ್ಲಿ 4ರಿಂದ 10 ವರ್ಷದೊಳಗೆ ಶುರುವಾಗುತ್ತದೆ, ಏಳರ ಆಸುಪಾಸಿನಲ್ಲಿ ಅತಿ ಹೆಚ್ಚು. ಫಿಟ್ಸ್ ಬಹುಪಾಲು ನಿದ್ದೆಯಲ್ಲೇ ಬರುತ್ತವೆ, ಹದಿಹರೆಯ ಮುಗಿಯುವುದರೊಳಗೆ ಹೆಚ್ಚುಕಡಿಮೆ ಎಲ್ಲರಲ್ಲೂ ನಿಂತುಹೋಗುತ್ತವೆ. ಅಪರೂಪಕ್ಕೊಮ್ಮೆ ಬಂದು ಬೇಗ ನಿಲ್ಲುವುದಾದರೆ ಅನೇಕ ಮಕ್ಕಳಿಗೆ ದಿನನಿತ್ಯದ ಔಷಧಿಯನ್ನೇ ಶುರುಮಾಡುವುದಿಲ್ಲ. ಈ ಹುಡುಗನಿಗೆ ಕಡಿಮೆ ಅಂತರದಲ್ಲಿ ಮೂರು ಬಂದಿದ್ದವು, ಮೂರನೆಯದು ಇಡೀ ಮೈಗೆ ಹರಡಿತ್ತು. ಹಾಗಾಗಿ ಔಷಧಿ ಬೇಕೆಂದು ತೀರ್ಮಾನಿಸಿದರು.

ಲೆವೆಟಿರಾಸಿಟಮ್ ಸಿರಪ್, 1 ಮಿಲಿಯಲ್ಲಿ 100 ಮಿಲಿಗ್ರಾಂ. ಹುಡುಗನ ತೂಕ 25 ಕೆಜಿ. ಮೆಲ್ಲಗೆ ಏರಿಸಿ ಬೆಳಗ್ಗೆ 5 ಮಿಲಿ, ರಾತ್ರಿ 5 ಮಿಲಿಗೆ ನಿಲ್ಲಿಸಿದರು. ಫಿಟ್ಸ್ 5 ನಿಮಿಷ ದಾಟಿದರೆ ಮೂಗಿಗೆ ಹಾಕಲು ಮಿಡಜೋಲಮ್ ಸ್ಪ್ರೇ ಕೂಡ ಬರೆದುಕೊಟ್ಟಿದ್ದರು. ಮುಂದಿನ ಒಂಬತ್ತು ತಿಂಗಳು ಒಂದೂ ಫಿಟ್ಸ್ ಇಲ್ಲ. ಎಂಟನೇ ತಿಂಗಳಲ್ಲಿ ಮಾಡಿದ ಇಇಜಿ ನಾರ್ಮಲ್ ಬಂತು. ಆಮೇಲೆ ಆ ಬೆಳಗಿನ ಜಾವ.

ಅಪ್ಪ ಹೇಳಿದ್ದು

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿ ಉತ್ತರ ಕೊಡುತ್ತಾರೆ. ಅದಕ್ಕೇ ಬೇರೆ ಬೇರೆಯಾಗಿ ಮಾತಾಡಿದೆ. ಔಷಧಿಯ ಮಾತನ್ನು ನಾನಾಗಿ ಎತ್ತಲಿಲ್ಲ. "ಔಷಧಿ ತಪ್ಪದೆ ಕೊಡ್ತಿದ್ರಾ?" ಎಂದು ಕೇಳಿದರೆ ಯಾವ ತಂದೆತಾಯಿಯೂ "ಹೂಂ" ಅಂದುಬಿಡುತ್ತಾರೆ. "ಮಗನಿಗೆ ಏನಾಗಿದೆ ಅಂತ ನಿಮಗೆ ಅನ್ಸುತ್ತೆ? ನಿಮ್ಮ ಮಾತಲ್ಲೇ ಹೇಳಿ" ಎಂದಷ್ಟೇ ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತುಂಬ ಸ್ಪಷ್ಟವಾಗಿ ಹೇಳಿದರು. ಮೆದುಳಿನ ಒಂದು ಜಾಗದಲ್ಲಿ ಕರೆಂಟ್ ಹೆಚ್ಚುಕಡಿಮೆಯಾಗುತ್ತದೆ, ಅದು ಹೆಚ್ಚಾಗಿ ನಿದ್ದೆಯಲ್ಲೇ ಆಗುತ್ತದೆ, ಬೆಳೆದಂತೆ ತಾನೇ ಹೋಗುತ್ತದೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ನಂತರ ಬಂದದ್ದು ಮುಖ್ಯ ಮಾತು: "ಮೇಡಂ, ಈ ಸಿರಪ್ ಶುರುವಾದ ಮೇಲೆ ಅವನು ಅವನಾಗಿ ಉಳಿದಿಲ್ಲ. ಪೆನ್ಸಿಲ್ ಬಿದ್ರೆ ಕಿರುಚ್ತಾನೆ. ಅಕ್ಕನಿಗೆ ಹೊಡೀತಾನೆ. ಮುಂಚೆ ಹೀಗಿರಲಿಲ್ಲ."

ಹೆಂಡತಿ ಮುಂಜಾನೆಯೇ ಕೆಲಸಕ್ಕೆ ಹೊರಡುವುದರಿಂದ ಬೆಳಗಿನ ಡೋಸ್ ಇವರ ಪಾಲಿಗೆ ಬಂದಿತ್ತು. ಫಿಟ್ಸ್ ಬರುವುದು ರಾತ್ರಿ ತಾನೇ, ರಾತ್ರಿ ಔಷಧಿ ಇದ್ದರೆ ಸಾಕು, ಹಗಲು ಶಾಲೆಯಲ್ಲಿ ಹುಡುಗ ಸಿಡುಕದೆ ಇರಲಿ ಎಂದು ಬೆಳಗಿನ 5 ಮಿಲಿಯನ್ನು ಎರಡೂವರೆಗೆ ಇಳಿಸಿದ್ದರು. ರಜಾ ದಿನಗಳಲ್ಲಿ ಪೂರ್ತಿ ಬಿಟ್ಟಿದ್ದರು. ಮೂರು ತಿಂಗಳಿಂದ ಹೀಗೇ ನಡೆದಿತ್ತು, ಏನೂ ಆಗಿರಲಿಲ್ಲ. ಏನೂ ಆಗದ ಒಂದೊಂದು ವಾರವೂ ಅವರ ಲೆಕ್ಕ ಸರಿ ಎಂದು ಸಾಬೀತು ಮಾಡುತ್ತಾ ಬಂದಿತ್ತು.

ಅವರು ಗಮನಿಸಿದ್ದು ಸುಳ್ಳಲ್ಲ. ಲೆವೆಟಿರಾಸಿಟಮ್‌ನಿಂದ ಕೆಲವು ಮಕ್ಕಳಲ್ಲಿ ಸಿಡುಕು, ಅಳು, ಹಠ, ಹೊಡೆಯುವ ಸ್ವಭಾವ ಕಾಣಿಸಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಅದಕ್ಕೆ ದಾರಿಗಳೂ ಇವೆ: ಡೋಸ್ ಹೊಂದಿಸಬಹುದು, ಔಷಧಿಯನ್ನೇ ಬದಲಿಸಬಹುದು. ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ? "ಪ್ರತಿ ಸಲ ಅವರು ಕೇಳೋದು ಫಿಟ್ಸ್ ಬಂತಾ ಅಂತ. ಬಂದಿಲ್ಲ ಅಂತೀವಿ. ಗುಡ್ ಅಂತಾರೆ. ಅದೇ ಔಷಧಿ ಮತ್ತೆ ಬರೀತಾರೆ. ಮಧ್ಯೆ ನಾನು ಪೆನ್ಸಿಲ್ ಕತೆ ಹೇಳೋಕಾಗುತ್ತಾ?"

ಪೋಷಕರ ಸಲಹಾ ಕೇಂದ್ರಗಳಲ್ಲಿ ಕೆಲಸ ಮಾಡುವವರೆಲ್ಲ ಈ ಮಾತನ್ನು ಕೇಳಿಸಿಕೊಳ್ಳಬೇಕು ಅನ್ನಿಸುತ್ತದೆ. ಅಡ್ಡಪರಿಣಾಮ ಹೇಳಿಕೊಳ್ಳಲು ಜಾಗವೇ ಇಲ್ಲದ ಕಡೆ ಅಪ್ಪ ತಾನೇ ಡಾಕ್ಟರಾಗುತ್ತಾನೆ. ಬೇರೆ ದಾರಿ ಏನಿದೆ ಅವನಿಗೆ?

ಅಮ್ಮ ಹೇಳಿದ್ದು

ಅಮ್ಮನ ತಿಳಿವಳಿಕೆ ಬೇರೆಯೇ ಆಗಿತ್ತು. ಮಗು ವರ್ಷದೊಳಗಿದ್ದಾಗ ಮಂಚದಿಂದ ಬಿದ್ದಿತ್ತು. ಅವರು ಬಟ್ಟೆ ತರಲು ಪಕ್ಕದ ಕೋಣೆಗೆ ಹೋಗಿದ್ದಾಗ ಆದದ್ದು. ಅಳು, ತಲೆಯ ಮೇಲೊಂದು ಬುಗುಟು, ಅಷ್ಟೇ. ಆ ಪೆಟ್ಟೇ ಏಳು ವರ್ಷದ ಮೇಲೆ ಹೀಗೆ ಹೊರಬಂದಿದೆ ಎಂದು ನಂಬಿದ್ದರು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಇಲ್ಲ. ಎಂಆರ್‌ಐ ನಾರ್ಮಲ್ ಎಂದಾಗ ಸಮಾಧಾನವಾಗಲಿಲ್ಲವೇ ಎಂದೆ. "ಒಳಗೆ ಎಲ್ಲೋ ಕಾಣದ ಗಾಯ ಇರುತ್ತಲ್ಲ" ಅಂದರು.

ಇಲ್ಲ, ಇರುವುದಿಲ್ಲ. ಈ ಬಗೆಯ ಮೂರ್ಛೆರೋಗಕ್ಕೂ ಅಂಥ ಪೆಟ್ಟಿಗೂ ಸಂಬಂಧವಿಲ್ಲ. ಇದು ಬೆಳೆಯುತ್ತಿರುವ ಮೆದುಳಿಗೆ, ವಂಶವಾಹಿಗಳಿಗೆ ಸೇರಿದ್ದು. ಒಡಹುಟ್ಟಿದವರಿಗೆ ಎಂದೂ ಫಿಟ್ಸ್ ಬರದಿದ್ದರೂ ಅವರ ಇಇಜಿಯಲ್ಲಿ ಇಂಥದೇ ಅಲೆಗಳು ಕಾಣುವುದುಂಟು. ಮೆದುಳು ಬಲಿತಂತೆ ಈ ರೋಗ ಹೋಗುತ್ತದೆ ಎನ್ನುವುದೇ ಇದು ಗಾಯದ ಕಲೆಯಿಂದ ಬಂದದ್ದಲ್ಲ ಎನ್ನುವುದಕ್ಕೆ ಒಳ್ಳೆಯ ಆಧಾರ. ಇದನ್ನು ನಾನು ಹೇಳಿದ್ದರೆ ಸಾಂತ್ವನದ ಮಾತು ಅಂದುಕೊಳ್ಳುತ್ತಿದ್ದರೋ ಏನೋ. ಡಾಕ್ಟರೇ ಬಂದು ಎಂಆರ್‌ಐ ಚಿತ್ರಗಳನ್ನು ಪರದೆಯಲ್ಲಿ ತೆರೆದು, ಒಂದೊಂದನ್ನೇ ತೋರಿಸಿ ಹೇಳಿದರು. ಅಮ್ಮ ಅತ್ತರು. ಮಾತು ಬಿಚ್ಚಿದ್ದು ಅದಾದ ಮೇಲೆ.

ರಾತ್ರಿ ಡೋಸ್ ಅವರದು, ಊಟವಾದ ಮೇಲೆ ಎಂಟರ ಹೊತ್ತಿಗೆ. ಆದರೆ ಹುಡುಗ ಆಡಿ ದಣಿದು ಮೊದಲೇ ನಿದ್ದೆಹೋದರೆ ಎಬ್ಬಿಸುತ್ತಿರಲಿಲ್ಲ. ಕಾರಣ ಕೇಳಿ: ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ ಎಂದು ಮೊದಲ ದಿನವೇ ಹೇಳಿ ಕಳಿಸಿದ್ದರು. ಔಷಧಿ ಮುಖ್ಯವೋ ನಿದ್ದೆ ಮುಖ್ಯವೋ ಎಂದು ತೂಗಿ, ನಿದ್ದೆಯೇ ಮುಖ್ಯ ಎಂದು ಅವರು ತೀರ್ಮಾನಿಸಿದ್ದರು. ಬೆಳಗ್ಗೆ ಅಪ್ಪ ಹೇಗೂ ಪೂರ್ತಿ ಡೋಸ್ ಕೊಡುತ್ತಾರಲ್ಲ ಎಂಬ ಧೈರ್ಯ ಬೇರೆ. ಇಇಜಿ ನಾರ್ಮಲ್ ಎಂದು ತಿಳಿದ ಮೇಲೆ ಎಬ್ಬಿಸದ ರಾತ್ರಿಗಳು ಹೆಚ್ಚಾದವು.

ಈ ಇಇಜಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ಈ ಒಂದು ಮನೆಯ ಗೊಂದಲವಲ್ಲ. ಇಇಜಿ ಎಂದರೆ ಆ ಅರ್ಧ ಗಂಟೆಯ ದಾಖಲೆ. ಮೂರ್ಛೆರೋಗ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಇಇಜಿ ನಾರ್ಮಲ್ ಬರುತ್ತದೆ. ಈ ಬಗೆಯಲ್ಲಂತೂ ಅಲೆಗಳು ನಿದ್ದೆಯಲ್ಲಿ ಜಾಸ್ತಿ, ಎಚ್ಚರದಲ್ಲಿ ತೆಗೆದರೆ ಕಾಣದೇ ಹೋಗಬಹುದು. ಎಂಟನೇ ತಿಂಗಳ ಇಇಜಿ ತೆಗೆದಾಗ ಹುಡುಗ ಮಲಗಿರಲೇ ಇಲ್ಲ, ಫೋನಿನಲ್ಲಿ ಕಾರ್ಟೂನ್ ನೋಡುತ್ತಿದ್ದ. ಹಾಗೆಯೇ ಇಇಜಿ ಕೆಟ್ಟಿದೆ ಎಂದಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದೂ ಅರ್ಥವಲ್ಲ. ಗುಣವಾಗಿದೆಯೋ ಇಲ್ಲವೋ ಎನ್ನುವುದಕ್ಕೆ ಆ ಕಾಗದ ಸರ್ಟಿಫಿಕೇಟ್ ಅಲ್ಲ.

ಎರಡು ಲೆಕ್ಕ ಕೂಡಿದ ದಿನ

ಆ ದಿನ ಭಾನುವಾರ. ಬೆಳಗಿನ ಡೋಸನ್ನು ಅಪ್ಪ ಕೊಡಲಿಲ್ಲ, ರಾತ್ರಿ ಅಮ್ಮ ಕೊಡುತ್ತಾಳೆ. ಸಂಜೆ ನೆಂಟರ ಮನೆಗೆ ಹೋಗಿ ಹೊರಟಿದ್ದು ತಡವಾಯಿತು. ಹುಡುಗ ಹನ್ನೊಂದರವರೆಗೆ ಎಚ್ಚರವಿದ್ದು ಕಾರಿನಲ್ಲೇ ನಿದ್ದೆಹೋದ. ಅಮ್ಮ ಎಬ್ಬಿಸಲಿಲ್ಲ, ಬೆಳಗ್ಗೆ ಅಪ್ಪ ಕೊಟ್ಟಿರುತ್ತಾನೆ.

ನಾನು ಒಂದು ಹಾಳೆಯಲ್ಲಿ ಗಂಟೆಗಳನ್ನು ಬರೆದು ಇಬ್ಬರ ಮುಂದೆಯೂ ಇಟ್ಟೆ. ಈ ವಯಸ್ಸಿನ ಮಕ್ಕಳಲ್ಲಿ ಲೆವೆಟಿರಾಸಿಟಮ್ ಸುಮಾರು 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 12 ಗಂಟೆಗೆ ಕಾಲು ಭಾಗ ಉಳಿಯುತ್ತದೆ, ಅದಕ್ಕೇ ದಿನಕ್ಕೆ ಎರಡು ಸಲ. 24 ಗಂಟೆಗೆ ಹದಿನಾರನೇ ಒಂದು ಭಾಗ. ಕೊನೆಯ ಡೋಸ್ ಬಿದ್ದದ್ದು ಶನಿವಾರ ರಾತ್ರಿ ಎಂಟಕ್ಕೆ. ಸೋಮವಾರ ಬೆಳಗಿನ ಐದು ಎಂದರೆ 33 ಗಂಟೆ. ಔಷಧಿ ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ನಿದ್ದೆಗೆಟ್ಟ ರಾತ್ರಿ. ಔಷಧಿ ಇದ್ದಕ್ಕಿದ್ದಂತೆ ನಿಂತಾಗ ಫಿಟ್ಸ್ ಮತ್ತೆ ಬರುವುದಷ್ಟೇ ಅಲ್ಲ, ಬಂದದ್ದು ಬೇಗ ನಿಲ್ಲದೆಯೂ ಹೋಗಬಹುದು.

ಹಾಳೆ ನೋಡುತ್ತಾ ಅಪ್ಪ ಬೆಳಗಿನ ಕಾಲಂ ಮೇಲೆ ಬೆರಳಿಟ್ಟು, "ಇದನ್ನ ನಾನು ಕೊಟ್ಟಿಲ್ಲ" ಅಂದರು. ಅಮ್ಮ ಅವರತ್ತ ತಿರುಗಿದರು. ಆ ಮಾತು ಅವರಿಗೆ ಹೊಸದು. ಆಮೇಲೆ ಅಮ್ಮ ರಾತ್ರಿಯ ಕಾಲಂ ತೋರಿಸಿದರು. ಅದು ಅಪ್ಪನಿಗೆ ಹೊಸದು. ಜಗಳವಾಗಬಹುದು ಎಂದು ನನಗೆ ಭಯವಿತ್ತು, ಆಗಲಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆ ಇಬ್ಬರಲ್ಲೂ ಸಮನಾಗಿ ಹಂಚಿಹೋಗಿತ್ತು, ಅದರಿಂದಲೇ ಮುಂದಿನ ಕೆಲಸ ಸುಲಭವಾಯಿತು.

ಆ 25 ನಿಮಿಷ

ಅಕ್ಕನಿಗೆ 11 ವರ್ಷ. ತಮ್ಮನ ಜೊತೆ ಅದೇ ಕೋಣೆಯಲ್ಲಿ ಮಲಗುತ್ತಾಳೆ. ಮೊದಲು ಎದ್ದವಳು ಅವಳು. ಗಡಿಯಾರ ನೋಡಿದವಳೂ ಅವಳೊಬ್ಬಳೇ. ಅವಳು ಹೇಳಿದ್ದರಿಂದಲೇ ಫಿಟ್ಸ್ ಎಷ್ಟು ಹೊತ್ತು ನಡೆಯಿತೆಂದು ಆಸ್ಪತ್ರೆಗೆ ಗೊತ್ತಾಯಿತು. ಅಜ್ಜಿ ನಾಲಿಗೆ ಕಚ್ಚಿಕೊಳ್ಳಬಾರದೆಂದು ಹಲ್ಲಿನ ನಡುವೆ ಚಮಚ ತುರುಕಿದರು, ಹಲ್ಲು ಮುರಿದದ್ದು ಅದರಿಂದ. ಅಪ್ಪ ಕೈಕಾಲು ಅದುಮಿ ಹಿಡಿದರು. ಅಮ್ಮ ನೀರು ಚಿಮುಕಿಸಿದರು. ಮುಂಚಿನವೆಲ್ಲ ತಾವಾಗಿಯೇ ನಿಂತಿದ್ದರಿಂದ ಇದೂ ನಿಲ್ಲುತ್ತದೆ ಎಂದು ಕಾದರು. ಸ್ಪ್ರೇ ಬೀರುವಿನಲ್ಲಿ, ಪ್ಯಾಕೆಟ್ ಕೂಡ ಒಡೆಯದೆ, ಹಾಗೇ ಇತ್ತು.

ಸ್ಪ್ರೇ ಇರುವುದು ಅಪ್ಪನಿಗೆ ನೆನಪಿತ್ತು. ಆದರೆ ಅದರಿಂದ ಉಸಿರು ನಿಂತುಬಿಡಬಹುದು ಎಂದು ಎಲ್ಲೋ ಓದಿದ್ದರು. ನಿದ್ದೆ ಬರಿಸುವ ಔಷಧಿ ಅದು, ಭಯ ಸಹಜ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಒಂದು ಸಲ ಕೊಡುವುದರಿಂದ ಆಗುವ ಅಪಾಯಕ್ಕಿಂತ ನಿಲ್ಲದ ಫಿಟ್ಸ್‌ನಿಂದ ಉಸಿರಿಗೆ ಆಗುವ ಅಪಾಯ ದೊಡ್ಡದು. 5 ನಿಮಿಷ ಎಂಬ ಗಡುವನ್ನು ಇಟ್ಟಿರುವುದಕ್ಕೂ ಕಾರಣವಿದೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ. ಐದು ದಾಟಿದ್ದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ, ತಡವಾದಷ್ಟೂ ಔಷಧಿಗೆ ಬಗ್ಗುವುದೂ ಕಷ್ಟ. ಸ್ಪ್ರೇ ಬರೆದುಕೊಟ್ಟ ದಿನ ಇದನ್ನೆಲ್ಲ ಹೇಳಿದ್ದಿರಬಹುದು. ಆದರೆ ಖಾಲಿ ಸ್ಪ್ರೇಯನ್ನು ಕೈಗೆ ಕೊಟ್ಟು, ಒತ್ತಿಸಿ ಅಭ್ಯಾಸ ಮಾಡಿಸಿರಲಿಲ್ಲ. ಬೆಳಗಿನ ಐದು ಗಂಟೆಗೆ, ಮಗು ನೀಲಿಗಟ್ಟುತ್ತಿರುವಾಗ, ಯಾರಾದರೂ ಮೊದಲ ಸಲ ಪ್ಯಾಕೆಟ್ ಒಡೆದು ಒಳಗಿನ ಚೀಟಿ ಓದುತ್ತಾರೆಯೇ?

ವಾರ್ಡಿನಲ್ಲೇ ಇಡೀ ಕುಟುಂಬಕ್ಕೆ ಅಭ್ಯಾಸ ಮಾಡಿಸಿದೆವು. ಅಜ್ಜಿಯನ್ನು ಬಿಟ್ಟು ಮಾಡಬಾರದೆಂದು ನಾನು ಹಠ ಹಿಡಿದೆ, ಹಗಲು ಹೊತ್ತು ಮಗು ಇರುವುದು ಅವರ ಬಳಿಯೇ. ಅಕ್ಕ ಹಾಸಿಗೆ ಮೇಲೆ ರೋಗಿಯಾಗಿ ಮಲಗಿದಳು. ಮಗ್ಗುಲಿಗೆ ಹೊರಳಿಸುವುದು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡುವುದು, ಕೊರಳಿನ ಗುಂಡಿ ಸಡಿಲಿಸುವುದು, ಗಡಿಯಾರ ನೋಡುವುದು. ಬಾಯಿಗೆ ಏನನ್ನೂ ಹಾಕಬಾರದು: ಬೆರಳಿಲ್ಲ, ಚಮಚ ಇಲ್ಲ, ನೀರಿಲ್ಲ, ಮಾತ್ರೆಯಿಲ್ಲ. ಅದುಮಿ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಮೂಳೆ ಕೀಲಿಗೆ ಪೆಟ್ಟಾಗುತ್ತದೆ. 5 ನಿಮಿಷಕ್ಕೆ ಸ್ಪ್ರೇ, ಆಂಬುಲೆನ್ಸಿಗೆ ಫೋನ್. ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದರೂ ಫೋನ್. ನಾಲಿಗೆ ನುಂಗಿಬಿಡುತ್ತಾನೆ ಎಂಬ ಅಜ್ಜಿಯ ಭಯಕ್ಕೆ, ಹಾಗೆ ನುಂಗಲು ಆಗುವುದೇ ಇಲ್ಲ, ಕಚ್ಚಿದ ನಾಲಿಗೆ ವಾಸಿಯಾಗುತ್ತದೆ, ಮುರಿದ ಹಲ್ಲು ಗಂಟಲಿಗೆ ಇಳಿದರೆ ಕಷ್ಟ ಎಂದು ವಿವರಿಸಿದೆ. ಅಜ್ಜಿ ಮೊಮ್ಮಗನ ತುಟಿಯನ್ನೇ ನೋಡುತ್ತಿದ್ದರು. ಅವರನ್ನು ನೋಯಿಸುವಂಥ ಮಾತು ಯಾರೂ ಆಡದಂತೆ ಎಚ್ಚರ ವಹಿಸಿದೆವು. ಅವರು ಮಾಡಿದ್ದು ಮಗುವನ್ನು ಉಳಿಸಿಕೊಳ್ಳುವುದಕ್ಕೆ.

ಹುಡುಗ ಹೇಳಿದ್ದು

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಪೋಷಕರ ತಿಳಿವಳಿಕೆ ಎಂದಾಗ ಮಗುವಿಗೆ ಏನು ತಿಳಿದಿದೆ ಎಂಬುದು ಸುಲಭವಾಗಿ ಬಿಟ್ಟುಹೋಗುತ್ತದೆ.

ಮನೆಯಲ್ಲಿ ಅವನ ಮುಂದೆ ರೋಗದ ಮಾತೇ ಎತ್ತುತ್ತಿರಲಿಲ್ಲ. ಹೆದರುತ್ತಾನೆ ಎಂದು. ಸಿರಪ್ ಶಕ್ತಿಗೆ ಎಂದು ಹೇಳಿದ್ದರು. ನಿದ್ದೆಯಲ್ಲಿ ಬರುವುದರಿಂದ ಅವನಿಗೆ ಏನೂ ಗೊತ್ತಾಗುವುದಿಲ್ಲ ಎಂದು ಇಬ್ಬರೂ ನಂಬಿದ್ದರು. ರಾತ್ರಿ ಬಾಯಿ ಸೆಳೆಯುವಾಗ ಏನಾಗುತ್ತದೆ ಪುಟ್ಟಾ ಎಂದು ಕೇಳಿದೆ. ಅವನು ಕೆನ್ನೆ ಮುಟ್ಟಿ ತೋರಿಸಿದ. "ಇಲ್ಲಿ ಜುಂ ಅನ್ನುತ್ತೆ. ನಾಲಿಗೆ ದಪ್ಪ ಆಗುತ್ತೆ. ಅಮ್ಮಾ ಅನ್ನೋಕೆ ಹೋಗ್ತೀನಿ, ಬರಲ್ಲ. ಎಲ್ಲಾ ಕೇಳಿಸುತ್ತೆ." ಏನು ಕೇಳಿಸುತ್ತದೆ ಅಂದೆ. "ಅಜ್ಜಿ, ಹೋಗ್ಬಿಟ್ಟ ಹೋಗ್ಬಿಟ್ಟ ಅಂತಾರೆ."

ಈ ಬಗೆಯ ಫಿಟ್ಸ್ ಮುಖಕ್ಕೆ ಸೀಮಿತವಾಗಿದ್ದಾಗ ಪ್ರಜ್ಞೆ ಎಷ್ಟೋ ಸಲ ಉಳಿದಿರುತ್ತದೆ. ಮಾತಿನ ಸ್ನಾಯುಗಳು ಮಾತ್ರ ಕೇಳುವುದಿಲ್ಲ. ಅಂದರೆ ಏಳು ವರ್ಷದ ಮಗು ತಾನು ಸಾಯುತ್ತಿದ್ದೇನೆ ಎಂದು ಮನೆಯವರೇ ಅರಚುವುದನ್ನು ಕೇಳಿಸಿಕೊಂಡಿತ್ತು, ಮಾರನೆಯ ದಿನ ಯಾರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವನು ಮಲಗಲು ಹಿಂದೇಟು ಹಾಕುತ್ತಿದ್ದುದಕ್ಕೆ ಹಠ ಎಂದು ಗದರುತ್ತಿದ್ದರು. ಸಿಡುಕಿನಲ್ಲಿ ಔಷಧಿಯ ಪಾಲು ಎಷ್ಟು, ಈ ಭಯದ ಪಾಲು ಎಷ್ಟು ಎಂದು ಯಾರು ಹೇಳಬಲ್ಲರು?

ಅಪ್ಪ ಅಮ್ಮನ ಎದುರೇ ಅವನಿಗೆ ಹೇಳಿದೆವು: ನಿನ್ನ ಮೆದುಳಿನಲ್ಲಿ ಬಾಯಿ ಅಲ್ಲಾಡಿಸುವ ಜಾಗ ಕೆಲವು ಸಲ ನಿನ್ನನ್ನು ಕೇಳದೆಯೇ ಕೆಲಸ ಶುರುಮಾಡುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಸಿರಪ್ ಅದನ್ನು ತಡೆಯುವುದಕ್ಕೆ. ನಿನ್ನಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ನೀನು ಮಾಡಿದ ಯಾವ ತಪ್ಪಿಗೂ ಇದು ಬಂದದ್ದಲ್ಲ. ಅವನು ಕೇಳಿದ ಪ್ರಶ್ನೆ ಒಂದೇ: "ಬಂದಾಗ ಅಮ್ಮ ಮಾತಾಡ್ತಾ ಇರ್ತಾಳಾ?" ಅಂದಿನಿಂದ ಮನೆಯ ನಿಯಮಗಳಲ್ಲಿ ಒಂದು ಸೇರಿತು. ಫಿಟ್ಸ್ ಬಂದಾಗ ಒಬ್ಬರು ಅವನ ಕಿವಿಯ ಹತ್ತಿರ ಮೆಲುದನಿಯಲ್ಲಿ, "ನಾನಿಲ್ಲೇ ಇದ್ದೀನಿ, ಈಗ ನಿಲ್ಲುತ್ತೆ" ಎಂದು ಹೇಳುತ್ತಿರಬೇಕು.

ಅಕ್ಕನದು ಇನ್ನೊಂದು ಕತೆ. ಅವಳು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ತಮ್ಮನ ಉಸಿರು ಕೇಳಿಸಿಕೊಳ್ಳುತ್ತಾ ಮಲಗುತ್ತಿದ್ದಳು. ಇದನ್ನು ಅವಳಿಗೆ ಯಾರೂ ಒಪ್ಪಿಸಿರಲಿಲ್ಲ, ತಾನೇ ವಹಿಸಿಕೊಂಡಿದ್ದಳು. ತರಗತಿಯಲ್ಲಿ ತೂಕಡಿಸುತ್ತಾಳೆಂದು ದೂರು ಬಂದಿತ್ತಂತೆ. ಅವಳ ಹಾಸಿಗೆಯನ್ನು ಅಜ್ಜಿಯ ಕೋಣೆಗೆ ಬದಲಿಸಿ, ಹುಡುಗನ ಮಂಚವನ್ನು ಅಪ್ಪ ಅಮ್ಮನ ಕೋಣೆಗೆ ತಂದರು.

ಹೇಳದೇ ಉಳಿದಿದ್ದ ಭಯ

ಕೊನೆಗೆ ಅಪ್ಪ ಕೇಳಿದರು, ಹೆಂಡತಿ ಹೊರಗೆ ಹೋದಾಗ: "ನಿದ್ದೆಯಲ್ಲೇ ಹೋಗಿಬಿಡ್ತಾರಂತೆ, ಹೌದಾ?" ಮೂರ್ಛೆರೋಗದಲ್ಲಿ ಅಪರೂಪಕ್ಕೆ ಸಂಭವಿಸುವ ಹಠಾತ್ ಸಾವಿನ ಬಗ್ಗೆ ಅವರು ಮೊದಲ ವಾರವೇ ಓದಿದ್ದರು. ಒಂಬತ್ತು ತಿಂಗಳು ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು.

ಇದನ್ನು ಪೋಷಕರಿಗೆ ಹೇಳಬೇಕೇ ಬೇಡವೇ ಎಂದು ಎಷ್ಟೋ ಕಡೆ ಹಿಂಜರಿಯುತ್ತಾರೆ. ಹೇಳಬೇಕು ಎಂದೇ ನನ್ನ ಅಭಿಪ್ರಾಯ, ಅಂಕಿ ಸಮೇತ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೂರ್ಛೆರೋಗವಿರುವ ಮಕ್ಕಳಲ್ಲಿ ವರ್ಷಕ್ಕೆ 4,500ರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇಡೀ ಮೈಯ ಫಿಟ್ಸ್ ಪದೇ ಪದೇ ಬರುವವರಲ್ಲಿ ಅಪಾಯ ಹೆಚ್ಚು, ಈ ಹುಡುಗನಿಗಿರುವ ಬಗೆಯಲ್ಲಿ ತೀರಾ ಅಪರೂಪ. ಅಪಾಯ ತಗ್ಗಿಸಲು ಮನೆಯವರ ಕೈಯಲ್ಲಿರುವ ಮುಖ್ಯ ಉಪಾಯ ಫಿಟ್ಸ್ ಬರದಂತೆ ನೋಡಿಕೊಳ್ಳುವುದು, ಅಂದರೆ ಎರಡೂ ಹೊತ್ತಿನ ಡೋಸ್. ಡಾಕ್ಟರು ಇದನ್ನು ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಹೇಳಿದರು. ಹುಡುಗನ ಸೈಕಲ್ಲನ್ನು ಅಪ್ಪ ಅಟ್ಟಕ್ಕೇರಿಸಿದ್ದು, ಈಜಿನ ತರಗತಿ ಬಿಡಿಸಿದ್ದು, ಗೆಳೆಯನ ಮನೆಗೆ ಕಳಿಸದೇ ಇದ್ದದ್ದು ಇವೆಲ್ಲ ಯಾಕೆ ಎಂದು ಅಮ್ಮನಿಗೆ ಅರ್ಥವಾದದ್ದು ಅವತ್ತು.

ಮುಂದೆ ಮಾಡಿದ್ದು

ಡಾಕ್ಟರು ಔಷಧಿ ಬದಲಿಸಿದರು. ಅಪ್ಪನ ದೂರಿಗೆ ಬೆಲೆ ಸಿಕ್ಕಿತು, ಅದಕ್ಕೇ ಮುಂದಿನ ಮಾತನ್ನು ಅವರು ನಂಬಿದರು ಎಂದು ನನಗನ್ನಿಸುತ್ತದೆ. ಲೆವೆಟಿರಾಸಿಟಮ್ಮನ್ನು ಮೆಲ್ಲಗೆ ಇಳಿಸುತ್ತಾ ಕಾರ್ಬಮಜೆಪಿನ್ ಮೆಲ್ಲಗೆ ಏರಿಸುವುದಕ್ಕೆ ಹಲವು ವಾರ ಹಿಡಿಯಿತು. ಮೊದಲ ಎರಡು ತಿಂಗಳು ಮೈಮೇಲೆ ಗಂದೆ, ಬಾಯಲ್ಲಿ ಹುಣ್ಣು, ಜ್ವರ ಏನು ಕಂಡರೂ ಅದೇ ದಿನ ಫೋನ್ ಮಾಡಬೇಕು. ಹೊಸ ಬಗೆಯ ಫಿಟ್ಸ್ ಕಂಡರೆ, ಶಾಲೆಯ ಕಲಿಕೆ ಕುಸಿದರೆ ಅದನ್ನೂ ಹೇಳಬೇಕು. ಈ ಔಷಧಿ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಉಲ್ಟಾ ಹೊಡೆಯುವುದುಂಟು.

"ಅರ್ಥವಾಯಿತಾ?" ಎಂದು ಕೇಳುವುದನ್ನು ಬಿಟ್ಟು, ಒಂದೊಂದು ಸಂದರ್ಭ ಕೊಟ್ಟು "ಆಗ ಏನು ಮಾಡ್ತೀರಿ?" ಎಂದು ಕೇಳಿದೆವು. ರಾತ್ರಿ ನಿದ್ದೆಹೋಗಿದ್ದಾನೆ, ಡೋಸ್ ಉಳಿದಿದೆ. ಎಬ್ಬಿಸಿ, ಕೂರಿಸಿ, ಪೂರ್ತಿ ಎಚ್ಚರವಾದ ಮೇಲೆ ಕೊಡುತ್ತೇವೆ. ಬೆಳಗಿನದು ಮರೆತುಹೋಗಿ ಹತ್ತಕ್ಕೆ ನೆನಪಾಯಿತು. ಆಗಲೇ ಕೊಡುತ್ತೇವೆ, ರಾತ್ರಿಯದಕ್ಕೆ ಸೇರಿಸಿ ದುಪ್ಪಟ್ಟು ಮಾಡುವುದಿಲ್ಲ. ಕುಡಿಸಿದ ತಕ್ಷಣ ವಾಂತಿಯಾಯಿತು. ಇಲ್ಲಿ ಇಬ್ಬರೂ ಎರಡು ಉತ್ತರ ಕೊಟ್ಟರು, ಡಾಕ್ಟರಿಂದ ನಿಯಮ ಬರೆಸಿಕೊಂಡು ಬೀರುವಿನ ಬಾಗಿಲಿಗೆ ಅಂಟಿಸಿದರು. ಜ್ವರ ಬಂತು. ಜ್ವರದ ಔಷಧಿ ಕೊಡುತ್ತೇವೆ, ಫಿಟ್ಸ್ ಔಷಧಿ ನಿಲ್ಲಿಸುವುದಿಲ್ಲ. ಸಿರಿಂಜಿನಲ್ಲಿ ಅಳೆಯುವುದನ್ನು ಮಾಡಿಸಿ ನೋಡಿದಾಗ ಒಂದು ವಿಷಯ ಹೊರಬಿತ್ತು. ಅಮ್ಮ ಬಾಟಲಿಯ ಮುಚ್ಚಳದಲ್ಲಿ ಕಣ್ಣಳತೆಗೆ ಸುರಿಯುತ್ತಿದ್ದರಂತೆ, ಅಂದರೆ ಕೊಟ್ಟ ರಾತ್ರಿಗಳಲ್ಲೂ ಪ್ರಮಾಣ ಹೆಚ್ಚುಕಡಿಮೆಯಾಗಿತ್ತು.

ಡೋಸ್ ಕೊಟ್ಟವರು ಟಿಕ್ ಹಾಕುವ ಒಂದು ಕ್ಯಾಲೆಂಡರ್ ಬಂತು. ಸಣ್ಣ ಉಪಾಯ, ಆದರೆ "ಇನ್ನೊಬ್ಬರು ಕೊಟ್ಟಿರುತ್ತಾರೆ" ಎಂಬ ಊಹೆಗೆ ಜಾಗವಿಲ್ಲದಂತೆ ಮಾಡಿತು. ಸಿಡುಕು, ನಿದ್ದೆ, ಶಾಲೆಯ ದೂರು ಬರೆಯಲು ಅದರಲ್ಲೇ ಒಂದು ಅಂಕಣ. ಭೇಟಿಗೆ ಬಂದಾಗ ಡಾಕ್ಟರು ಫಿಟ್ಸ್ ಬಗ್ಗೆ ಕೇಳುವ ಮೊದಲು ಆ ಅಂಕಣ ನೋಡಬೇಕೆಂದು ನಾವೇ ವಿಭಾಗದಲ್ಲಿ ಗೊತ್ತುಮಾಡಿಕೊಂಡೆವು.

ಸೈಕಲ್ ಅಟ್ಟದಿಂದ ಇಳಿಯಿತು, ಹೆಲ್ಮೆಟ್ ಜೊತೆ, ವಾಹನಗಳಿಲ್ಲದ ಕಡೆ. ಈಜಿಗೆ ಹೋಗಬಹುದು, ವಿಷಯ ಗೊತ್ತಿರುವ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ನೀರಿನಲ್ಲೇ ಇರಬೇಕು. ಸ್ನಾನದ ಕೋಣೆಗೆ ಒಳಗಿನಿಂದ ಚಿಲಕ ಬೇಡ, ತೊಟ್ಟಿಯಲ್ಲಿ ಒಬ್ಬನನ್ನೇ ಬಿಡುವುದು ಬೇಡ. ಟಿವಿ, ಮೊಬೈಲ್ ಪೂರ್ತಿ ನಿಲ್ಲಿಸಬೇಕೇ ಎಂದು ಅಮ್ಮ ಕೇಳಿದರು. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಮೂರ್ಛೆರೋಗವಿರುವ ನೂರರಲ್ಲಿ ಸುಮಾರು ಮೂರು ಜನಕ್ಕೆ ಮಾತ್ರ, ಇವನು ಆ ಗುಂಪಿನವನಲ್ಲ. ಮೊಬೈಲ್ ಬೇಡ ಎನ್ನುವುದಾದರೆ ಅದು ನಿದ್ದೆ ಕೆಡುತ್ತದೆ ಎಂಬ ಕಾರಣಕ್ಕೆ.

ಈಗಿನ ಸ್ಥಿತಿ

ಹುಡುಗನಿಗೆ ಒಂಬತ್ತು ದಾಟಿದೆ. ಆ ಬೆಳಗಿನ ನಂತರ ಎರಡು ಸಲ ಬಾಯಿ ಸೆಳೆದಿದೆ, ಎರಡೂ ಔಷಧಿ ಬದಲಾಗುತ್ತಿದ್ದ ದಿನಗಳಲ್ಲಿ, ಎರಡೂ ಒಂದೊಂದು ನಿಮಿಷ. ಸ್ಪ್ರೇ ಬೇಕಾಗಲಿಲ್ಲ. ಎರಡನ್ನೂ ಅಮ್ಮ ಅದೇ ದಿನ ಫೋನ್ ಮಾಡಿ ತಿಳಿಸಿದರು, ಯಾವ ಡೋಸ್ ಎಷ್ಟು ಗಂಟೆಗೆ ಕೊಟ್ಟಿದ್ದು ಎಂಬುದರ ಸಮೇತ. ಸಿಡುಕು ಕಡಿಮೆಯಾಗಿದೆ, ಹೋಗಿಲ್ಲ. ಓದುವಾಗ ಸಾಲು ತಪ್ಪುತ್ತಾನೆಂದು ಟೀಚರ್ ಹೇಳಿದ್ದಾರೆ. ಈ ಬಗೆಯಲ್ಲಿ ಭಾಷೆ, ಗಮನದ ಕಡೆ ಸಣ್ಣ ತೊಡಕು ಕಾಣುವುದುಂಟು, ಕಲಿಕೆಯ ಪರೀಕ್ಷೆಗೆ ಕಳಿಸಿದ್ದೇವೆ.

ತರಗತಿಯ ಟೀಚರಿಗೆ ಹೇಳಿದ್ದಾರೆ, ಹೇಳಿದ್ದು ಅಮ್ಮ. ಅಪ್ಪ ತಮ್ಮ ಅಣ್ಣತಮ್ಮಂದಿರಿಗೆ ಇನ್ನೂ ಹೇಳಿಲ್ಲ, ನಾನು ಒತ್ತಾಯಿಸಿಲ್ಲ. ಹುಡುಗ ಅವರ ಮನೆಯಲ್ಲಿ ಉಳಿಯುವ ದಿನ ಬಂದರೆ ಹೇಳಲೇಬೇಕಾಗುತ್ತದೆ, ಸ್ಪ್ರೇ ಕೂಡ ಜೊತೆಗೆ ಹೋಗಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿದೆ.

ಔಷಧಿ ಯಾವಾಗ ನಿಲ್ಲಿಸುವುದು ಎಂದು ಕಳೆದ ಭೇಟಿಯಲ್ಲಿ ಅಪ್ಪ ನೇರವಾಗಿ ಕೇಳಿದರು. ಫಿಟ್ಸ್ ಇಲ್ಲದೆ ಎರಡು ವರ್ಷ ಕಳೆದರೆ ಆ 25 ನಿಮಿಷವನ್ನೂ ಗಮನದಲ್ಲಿಟ್ಟು ಯೋಚಿಸೋಣ, ನಿಲ್ಲಿಸುವುದಾದರೆ ತಿಂಗಳುಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು ಡಾಕ್ಟರು. ಇಳಿಸುವಾಗ ಮತ್ತೆ ಬಂದರೆ? ಬರಬಹುದು, ಬಂದರೆ ಮತ್ತೆ ಶುರುಮಾಡುತ್ತೇವೆ, ಅದರಿಂದ ಹುಡುಗ ಹದಿಹರೆಯದಲ್ಲಿ ಗುಣವಾಗುವುದು ತಪ್ಪುವುದಿಲ್ಲ. ಹಾಗಿದ್ದರೆ ಪರೀಕ್ಷೆ ಇಲ್ಲದ ತಿಂಗಳಲ್ಲಿ ಶುರುಮಾಡೋಣ, ಆಗ ಇಬ್ಬರಲ್ಲಿ ಒಬ್ಬರಾದರೂ ರಾತ್ರಿ ಮನೆಯಲ್ಲಿರುವಂತೆ ನೋಡಿಕೊಳ್ಳುತ್ತೇವೆ ಎಂದು ಅಮ್ಮ ಹೇಳಿದರು. ಅಪ್ಪ ಅದನ್ನು ಫೋನಿನಲ್ಲಿ ಬರೆದುಕೊಂಡರು.